ಹ್ಯಾರಿ ಪಾಟರ್ ಹೊಸ ಸೀರೀಸು: ಸಿನಿಮಾದೋರು ಬಿಟ್ಟ ಸೀನುಗಳಿಗೆ ಇನ್ನೂ ಕಾಯ್ತಿರೋರ ಕಥೆ

ಪುಸ್ತಕ ಓದಿ ಬೆಳೆದ ಹ್ಯಾರಿ ಪಾಟರ್ ಫ್ಯಾನ್ ಒಬ್ರನ್ನ ಹಿಡ್ಕೊಂಡು ಕೇಳಿ ನೋಡಿ, ಹೊಸ ಸೀರೀಸಲ್ಲಿ ನಿಮ್ಗೆ ಯಾವ ಸೀನ್ ಬರ್ಬೇಕು ಅಂತ. ಡ್ರ್ಯಾಗನ್ನು, ಯುದ್ಧ ಅಂತ ಶುರು ಮಾಡೋರು ಕಮ್ಮಿ. ಚೂಯಿಂಗ್ ಗಮ್ ಸುತ್ತಿದ್ದ ಒಂದು ಕಾಗದ ಅಂತಾರೆ, ಒಡೆದ ಕನ್ನಡಿ ಅಂತಾರೆ, ಪೀವ್ಸ್ ಅಂತಾರೆ. ಸಿನಿಮಾ ಮಾತ್ರ ನೋಡಿರೋರಿಗೆ ಇದೇನು ಹುಚ್ಚು ಅನ್ಸುತ್ತೆ, ಆದ್ರೆ ಈ ಲಿಸ್ಟಿಗೆ 20 ವರ್ಷಕ್ಕಿಂತ ಜಾಸ್ತಿ ಹಿಸ್ಟರಿ ಇದೆ.

2023ರ ಏಪ್ರಿಲ್‌ನಲ್ಲಿ ಎಚ್‌ಬಿಒದೋರು ಏಳೂ ಪುಸ್ತಕಗಳನ್ನ ಸೀರೀಸ್ ಮಾಡ್ತೀವಿ ಅಂದ್ರು, 2025ರ ಜುಲೈನಲ್ಲಿ ಲಂಡನ್ ಹತ್ರದ ಲೀವ್ಸ್‌ಡನ್ ಸ್ಟುಡಿಯೋದಲ್ಲಿ ಶೂಟಿಂಗ್ ಶುರುವಾಯ್ತು. ಹಳೇ ಸಿನಿಮಾಗಳೂ ಅಲ್ಲೇ ಹುಟ್ಟಿದ್ದು. ಹ್ಯಾರಿ ಓದೋ ಮಂತ್ರವಿದ್ಯೆ ಶಾಲೆ ಹಾಗ್ವರ್ಟ್ಸ್‌ನ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಪಾತ್ರಕ್ಕೆ ಜಾನ್ ಲಿತ್‌ಗೋ, ಅಲ್ಲಿನ ಮೇಷ್ಟ್ರು ಸ್ನೇಪ್‌ಗೆ ಪಾಪಾ ಎಸಿಯೆಡು. ಯಾರು ಯಾವ ಪಾತ್ರಕ್ಕೆ ಸರಿ ಅನ್ನೋ ಜಗಳ ನಡೀತಾನೇ ಇದೆ, ಅದು ಬೇರೆ ಕಥೆ, ಬಿಡಿ.

ಸೀನುಗಳು ಕಾಣೆಯಾಗಿದ್ದು ಮೊದಲ್ನೇ ಸಿನಿಮಾದಿಂದ್ಲೇ. 2001ರಲ್ಲಿ ಬಂದ ಆ ಸಿನಿಮಾಗೆ ರಿಕ್ ಮೇಯಲ್ ಅನ್ನೋ ಕಾಮಿಡಿ ನಟನನ್ನ ಪೀವ್ಸ್ ಮಾಡಿ ಶೂಟಿಂಗೂ ಮುಗಿಸಿದ್ರು, ಪೀವ್ಸ್ ಅಂದ್ರೆ ಹಾಗ್ವರ್ಟ್ಸ್ ಕಾರಿಡಾರಲ್ಲಿ ಹಾರಾಡ್ಕೊಂಡು ಕಂಡ್ಕಂಡೋರಿಗೆ ಕಾಟ ಕೊಡೋ ಭೂತ, ಎಡಿಟಿಂಗ್ ಟೇಬಲ್ ಮೇಲೆ ಅಷ್ಟೂ ಹೋಯ್ತು. ಮುಂದಿನ ಏಳು ಸಿನಿಮಾದಲ್ಲೂ ಅವನ ಸುಳಿವಿಲ್ಲ, ಮೇಯಲ್ 2014ರಲ್ಲಿ ತೀರಿಕೊಂಡ್ರು. ಅದೇ ಸಿನಿಮಾದಲ್ಲಿ ಸ್ನೇಪ್ ಇಟ್ಟಿದ್ದ ಏಳು ಬಾಟ್ಲಿಗಳ ಒಗಟೂ ಇಲ್ಲ, ಹ್ಯಾರಿಯ ಗೆಳತಿ ಹರ್ಮಾಯ್ನಿ ಮಂತ್ರಗಿಂತ್ರ ಇಲ್ದೆ ಬರೀ ತಲೆ ಓಡಿಸಿ ಬಿಡಿಸೋದು ಅದನ್ನ. ನನಗೇನೋ ಪೀವ್ಸ್‌ಗಿಂತ ಇದು ಹೋಗಿದ್ದೇ ಜಾಸ್ತಿ ಹೊಟ್ಟೆ ಉರಿಸಿದ್ದು.

ಇಷ್ಟರವರೆಗೆ ಹೋಗ್ಲಿ ಅನ್ಬಹುದಿತ್ತು. ನಿಜವಾದ ಕಷ್ಟ ಶುರುವಾಗಿದ್ದು ಪುಸ್ತಕಗಳು ದಪ್ಪ ಆದ್ಮೇಲೆ. ಮೊದಲ್ನೇ ಪುಸ್ತಕ ಬ್ರಿಟಿಷ್ ಎಡಿಷನ್‌ನಲ್ಲಿ 223 ಪುಟ, ನಾಲ್ಕನೇದು 636, ಐದನೇದು 766. ನಾಲ್ಕನೇದನ್ನ ಎರಡು ಸಿನಿಮಾ ಮಾಡೋ ಯೋಚನೆ ಇತ್ತು, ಕೊನೆಗೆ ಡೈರೆಕ್ಟರ್ ಮೈಕ್ ನ್ಯೂವೆಲ್ ಒಂದ್ರಲ್ಲೇ ಮುಗಿಸಿದ್ರು. ಅದಕ್ಕೇ ಕ್ವಿಡಿಚ್, ಅಂದ್ರೆ ಪೊರಕೆ ಮೇಲೆ ಹಾರ್ಕೊಂಡು ಆಡೋ ಆಟ, ಅದ್ರ ವರ್ಲ್ಡ್ ಕಪ್ ಫೈನಲ್ ಏನಾಯ್ತು ನೋಡಿ: ಸ್ಟೇಡಿಯಂ ತೋರ್ಸಿದ್ರು, ಬಲ್ಗೇರಿಯಾದ ಸ್ಟಾರ್ ಆಟಗಾರ ಕ್ರಮ್ ಎಂಟ್ರಿ ಕೊಟ್ಟ, ಜನ ಕೂಗಿದ್ರು, ತಕ್ಷಣ ಕಟ್, ಮ್ಯಾಚ್ ಮುಗಿದು ಎಲ್ರೂ ಟೆಂಟಲ್ಲಿ ಕುಣೀತಿದ್ದಾರೆ. ಫೈನಲ್‌ಗೆ ಟಿಕೆಟ್ ತಗೊಂಡೋರನ್ನ ಟಾಸ್ ಆದ್ಮೇಲೆ ಮನೆಗೆ ಕಳಿಸಿದ ಹಾಗೆ. ಆಟ ಮುಗಿಸೋ ಪುಟ್ಟ ಚೆಂಡು ಸ್ನಿಚ್ ಹಿಡಿದಿದ್ದು ಕ್ರಮ್, ಆದ್ರೂ ಗೆದ್ದಿದ್ದು ಐರ್ಲೆಂಡ್, ಅಂಥಾ ಮ್ಯಾಚ್ ಅದು!

ಅದೇ ಸಿನಿಮಾದ ಡ್ಯಾನ್ಸ್ ಸೀನಲ್ಲಿ ಹ್ಯಾರಿ ಜೊತೆ ಓದೋ ಪಾಟೀಲ್ ಅಕ್ಕತಂಗೀರಿಗೆ ಹಾಕಿಸಿದ ಲೆಹೆಂಗಾ ಬಗ್ಗೆ ನಮ್ಮ ದೇಶದ ಫ್ಯಾನ್ಸ್ ಇವತ್ತಿಗೂ ಬೈತಾರೆ. ಬೆಳಗಾವಿ, ವಿಜಯಪುರದ ಕಡೆ ಬೀದಿಗೆ ನಾಲ್ಕು ಮನೆ ಪಾಟೀಲರು ಸಿಗ್ತಾರೆ, ಯಾರ ಮನೆ ಮದುವೇಲೂ ಅಂಥ ಮಂಕು ಬಟ್ಟೆ ಕಾಣಲ್ಲ. ಪುಸ್ತಕದಲ್ಲಿ ಒಬ್ಬಳದ್ದು ಕಣ್ಣು ಕುಕ್ಕೋ ಗುಲಾಬಿ, ಇನ್ನೊಬ್ಬಳದ್ದು ಹೊಳೆಯೋ ನೀಲಿಹಸಿರು ಅಂತ ಸ್ಪಷ್ಟವಾಗಿ ಬರೆದಿದೆ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸಲ್ಲ. ಸಿನಿಮಾ ಮಾಡೋರಿಗೇ ಕಥೆ ಪೂರ್ತಿ ಗೊತ್ತಿರ್ಲಿಲ್ಲ. ಮೊದಲ್ನೇ ಸಿನಿಮಾ ಬಂದಾಗ ಬಂದಿದ್ದು ನಾಲ್ಕೇ ಪುಸ್ತಕ. ಐದನೇ ಸಿನಿಮಾ ಥಿಯೇಟರಿಗೆ ಬಂದಿದ್ದು 2007ರ ಜುಲೈ 11ರ ಸುಮಾರಿಗೆ, ಏಳನೇ ಪುಸ್ತಕ ಅಂಗಡಿಗೆ ಬಂದಿದ್ದು ಅದೇ ಜುಲೈ 21ಕ್ಕೆ. ಅಂದ್ರೆ ಯಾವ ಚೂರು ಮುಂದೆ ಬೇಕಾಗುತ್ತೆ ಅಂತ ಗೊತ್ತಿಲ್ದೇನೇ ಕತ್ತರಿ ಆಡಿಸ್ತಿದ್ರು. ಕ್ರೀಚರ್ ಅನ್ನೋ ಮುದಿ ಮನೆಯಾಳನ್ನೂ ಸ್ಕ್ರಿಪ್ಟಿಂದ ತೆಗೆದಿದ್ರಂತೆ, ಬೇಡ, ಅವನು ಮುಂದೆ ಬೇಕಾಗ್ತಾನೆ ಅಂತ ಲೇಖಕಿ ರೌಲಿಂಗ್ ಹೇಳಿದ್ದಕ್ಕೆ ಉಳ್ಕೊಂಡ. ಕನ್ನಡಿಗೆ ಆ ಅದೃಷ್ಟ ಇರ್ಲಿಲ್ಲ. ಐದನೇ ಪುಸ್ತಕದಲ್ಲಿ ಹ್ಯಾರಿಗೆ ಅವನ ಗಾಡ್‌ಫಾದರ್ ಸಿರಿಯಸ್ ಒಂದು ಕನ್ನಡಿ ಕೊಡ್ತಾನೆ, ಇದ್ರಲ್ಲಿ ನನ್ನ ಹೆಸರು ಕರೆದ್ರೆ ನಾನು ಕಾಣಿಸ್ತೀನಿ ಅಂತ, ಹ್ಯಾರಿ ಬಿಚ್ಚಿ ನೋಡೋದೇ ಇಲ್ಲ, ನೋಡೋ ಹೊತ್ತಿಗೆ ಸಿರಿಯಸ್ ಸತ್ತಿರ್ತಾನೆ, ಕರೆದ್ರೆ ಕಾಣೋದು ತನ್ನ ಮುಖ ಮಾತ್ರ, ಸಿಟ್ಟಲ್ಲಿ ಒಡೆದು ಹಾಕ್ತಾನೆ. ಸಿನಿಮಾದಲ್ಲಿ ಇದು ಪೂರ್ತಿ ಇಲ್ಲ. ಆಮೇಲೆ 2010ರ ಸಿನಿಮಾದಲ್ಲಿ ಹ್ಯಾರಿ ಕೈಯಲ್ಲಿ ದಿಢೀರಂತ ಒಂದು ಕನ್ನಡಿ ಚೂರು! ಎಲ್ಲಿಂದ ಬಂತು ಅಂತ ಪಕ್ಕದ ಸೀಟಿನೋರಿಗೆ ಪುಸ್ತಕ ಓದಿದೋರು ಪಿಸುಗುಟ್ಟಿ ಹೇಳ್ಬೇಕಾಯ್ತು.

ಡಾಬಿ ಅನ್ನೋ ಇನ್ನೊಬ್ಬ ಮನೆಯಾಳಿನ ಕಥೇನೂ ಹೀಗೇ. ಎರಡನೇ ಸಿನಿಮಾ ಆದ್ಮೇಲೆ ನಾಪತ್ತೆ, ಪುಸ್ತಕದಲ್ಲಿ ಅವನು ಮಾಡೋ ಕೆಲ್ಸ ಸಿನಿಮಾದಲ್ಲಿ ಹ್ಯಾರಿಯ ಕ್ಲಾಸ್‌ಮೇಟ್ ನೆವಿಲ್ ಮಾಡ್ತಾನೆ, ಎಂಟು ವರ್ಷ ಆದ್ಮೇಲೆ ವಾಪಸ್ ಬಂದು ಸಾಯ್ತಾನೆ. ಅತ್ತೋರೆಲ್ಲ ಅತ್ತಿದ್ದು ನಿಜ, ಆದ್ರೆ ಪುಸ್ತಕದಲ್ಲಿ ಆ ವರ್ಷಗಳೆಲ್ಲ ಅವನು ಅಲ್ಲೇ ಸುತ್ತಮುತ್ತ ಓಡಾಡ್ಕೊಂಡಿದ್ದ.

ಕಥೆಯ ವಿಲನ್ ವೋಲ್ಡೆಮಾರ್ಟ್ ಸಾಯೋ ಸೀನ್ ಬಗ್ಗೆ ನನ್ನ ತಕರಾರು ಬೇರೆ. ಸಿನಿಮಾದಲ್ಲಿ ಅಂಗಳದಲ್ಲಿ ಇಬ್ರೇ, ಅವನು ಬೂದಿ ಚೂರಾಗಿ ಗಾಳೀಲಿ ಹಾರಿ ಹೋಗ್ತಾನೆ, ನೋಡೋಕೆ ಚೆನ್ನಾಗಿದೆ. ಪುಸ್ತಕದಲ್ಲಿ ಬೆಳಗಿನ ಜಾವ, ಗ್ರೇಟ್ ಹಾಲಲ್ಲಿ ಎಲ್ರ ಕಣ್ಣೆದುರು, ಧೊಪ್ ಅಂತ ಬೀಳ್ತಾನೆ, ಹೆಣ ಅಲ್ಲೇ ಇರುತ್ತೆ. ಸಾವಿಗೆ ಹೆದರಿ ಜೀವನ್ನ ಚೂರು ಮಾಡಿ ಬಚ್ಚಿಟ್ಟೋನು ಎಲ್ರ ಹಾಗೇ ಸತ್ತ ಅನ್ನೋದೇ ಅಲ್ವಾ ಅಲ್ಲಿ ವಿಷ್ಯ? ಹಾರಿಸಿಬಿಟ್ರೆ ಏನುಳೀತು.

ಇನ್ನು ಗಮ್ ಕಾಗದ. ಐದನೇ ಪುಸ್ತಕ, ಕ್ರಿಸ್‌ಮಸ್ ಸಮಯ, ಸೇಂಟ್ ಮಂಗೋಸ್ ಆಸ್ಪತ್ರೆ. ನೆವಿಲ್‌ನ ಅಪ್ಪ ಅಮ್ಮನಿಗೆ ಚಿತ್ರಹಿಂಸೆ ಕೊಟ್ಟು ಬುದ್ಧಿ ಹೋಗಿದೆ, ಮಗ ಯಾರಂತ ಗೊತ್ತಿಲ್ಲ. ಅಮ್ಮ ನಡ್ಕೊಂಡು ಬಂದು ಮಗನ ಕೈಗೆ ಖಾಲಿ ಗಮ್ ಕಾಗದ ಇಡ್ತಾಳೆ. ಇಂಥಾವು ಎಷ್ಟಾಯ್ತೋ, ಕಸದಬುಟ್ಟಿಗೆ ಹಾಕು ಅಂತಾಳೆ ಅಜ್ಜಿ. ನೆವಿಲ್ ಜೇಬಲ್ಲಿ ಇಟ್ಕೊಳ್ಳೋದನ್ನ ಹ್ಯಾರಿ ನೋಡ್ತಾನೆ, ಅಷ್ಟೇ. ಅತ್ಯಂತ ದಪ್ಪ ಪುಸ್ತಕ ಇದು, ಸಿನಿಮಾ ಮಾತ್ರ 138 ನಿಮಿಷ, ಎಂಟರಲ್ಲಿ ಅದಕ್ಕಿಂತ ಚಿಕ್ಕದು ಕೊನೇದೊಂದೇ. ಫೋಟೋ ನೋಡ್ಕೊಂಡು ನೆವಿಲ್ ಅಪ್ಪ ಅಮ್ಮನ ವಿಷ್ಯ ಹೇಳೋ ಒಂದು ಚಿಕ್ಕ ಸೀನ್ ಇಟ್ರು, ಚೆನ್ನಾಗೇ ಇದೆ, ಆದ್ರೆ ಆಸ್ಪತ್ರೆ ಬರ್ಲೇ ಇಲ್ಲ.

ಒಂದು ಪುಸ್ತಕಕ್ಕೆ ಒಂದು ಸೀಸನ್ ಅಂತ ಲೆಕ್ಕ ಇಟ್ರೆ ಪೀವ್ಸ್, ಬಾಟ್ಲಿ ಒಗಟು ಇದ್ಯೋ ಇಲ್ವೋ ಅನ್ನೋದು ಮೊದಲ ಸೀಸನ್‌ನಲ್ಲೇ ಗೊತ್ತಾಗುತ್ತೆ. ಆಸ್ಪತ್ರೆ ಸೀನ್ ಬರೋದು ಐದನೇದ್ರಲ್ಲಿ, ಅಷ್ಟೊತ್ತಿಗೆ ಈಗ ನೆವಿಲ್ ಆಗಿರೋ ಪುಟ್ಟ ಹುಡುಗನಿಗೆ ಮೀಸೆ ಬಂದಿರುತ್ತೋ ಏನೋ.