ಆ ಅರೆಯ ಮೇಲೆ ಗಿಡ ನೆಡಬೇಡಿ

ಮೇ ತಿಂಗಳು ಬಂತೆಂದರೆ ನನಗೆ ಒಂದೇ ತರಹದ ಫೋನ್ ಬರಲು ಶುರು. "ಸರ್, ಗೋಕರ್ಣದ ಹತ್ರ ಸಮುದ್ರಕ್ಕೆ ತಾಗಿ ಒಂದು ಗುಡ್ಡ ಇದೆ. ಮೇಲೆಲ್ಲ ಬೋಳು. ಜೂನ್ 5ರ ಪರಿಸರ ದಿನಕ್ಕೆ ಸಾವಿರ ಗಿಡ ನೆಡೋಣ ಅಂತಿದ್ದೇವೆ. ಯಾವ ಜಾತಿ ಹಾಕಬಹುದು?" ಕೇಳುವವರೆಲ್ಲ ಒಳ್ಳೆಯವರೇ. ರೆಸಾರ್ಟ್ ನಡೆಸುವವರು, ಬೆಂಗಳೂರಿನ ಕಂಪನಿಗಳ ಹುಡುಗರು, ಶಾಲೆಯ ಮಾಸ್ತರರು. ನಾನು ಹೇಳುವುದು ಒಂದೇ: ಯಾವ ಜಾತಿಯೂ ಬೇಡ. ಗಿಡಗಳ ಬಗ್ಗೆ ಓದಿ, ಅದರಲ್ಲೇ ಕೆಲಸ ಮಾಡುವವನೇ ಗಿಡ ಬೇಡ ಅಂದರೆ ಯಾರಿಗೆ ಹಿಡಿಸುತ್ತದೆ? ಸ್ವಲ್ಪ ಬೇಸರ ಮಾಡಿಕೊಳ್ಳುತ್ತಾರೆ. ಕೆಲವರು ಬೇರೆಯವರನ್ನು ಕೇಳಿ ನೆಟ್ಟೂ ಬಿಡುತ್ತಾರೆ.

ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳನ್ನು ಒಂದರಿಂದ ಒಂದು ಬೇರೆ ಮಾಡುವುದು ಕಡಲಿಗೆ ಚಾಚಿಕೊಂಡ ಈ ಗುಡ್ಡಗಳೇ. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ. ಗುಡ್ಡದ ತಲೆಯ ಮೇಲೆ ಚಿರೆಕಲ್ಲಿನ (ಲ್ಯಾಟರೈಟ್) ಅರೆ, ಅಂದರೆ ಕಲ್ಲಿನ ಬಯಲು. ದಕ್ಷಿಣ ಕನ್ನಡದವರು ಇದೇ ಕಲ್ಲನ್ನು ಮುರಕಲ್ಲು ಎನ್ನುತ್ತಾರೆ, ಇಂಥ ಬಯಲನ್ನು ಪದವು ಎನ್ನುತ್ತಾರೆ. ಅಘನಾಶಿನಿ ದಡದ ಮಿರ್ಜಾನ್ ಕೋಟೆ ಕಟ್ಟಿದ್ದೂ ಇದೇ ಕಲ್ಲಿನಿಂದ. ಅಗೆಯುವಾಗ ಮೆದು, ಗಾಳಿಗೆ ಒಡ್ಡಿದರೆ ಗಟ್ಟಿ. ಇದು ಕರಾವಳಿಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ, ಮನೆ ಕಟ್ಟಿದವರಿಗೆಲ್ಲ ಗೊತ್ತು.

ಯಾರ ತಲೆಗೂ ಹೋಗದ ಮಾತು ಬೇರೆ ಇದೆ. ಆ ಅರೆ ಬೋಳಲ್ಲ. ಅಲ್ಲಿ ಮರ ಕಡಿದು ಹಾಳು ಮಾಡಿದ್ದಲ್ಲ, ಅದು ಇರುವುದೇ ಹಾಗೆ. ಸರ್ಕಾರಿ ಲೆಕ್ಕದಲ್ಲಿ ಇಂಥ ಜಾಗ ಸಾಮಾನ್ಯವಾಗಿ ಬಂಜರು ಭೂಮಿಯ ಪಟ್ಟಿಗೆ ಸೇರಿಬಿಡುತ್ತದೆ. ಬಂಜರು ಎಂದ ಮೇಲೆ ಏನು ಮಾಡಿದರೂ ಸುಧಾರಣೆಯೇ ಅಲ್ವಾ!

ಜೂನ್‌ನಲ್ಲಿ ಮೊದಲ ಮಳೆ ಬಿದ್ದು ಎರಡು ಮೂರು ವಾರ ಕಳೆಯಲಿ. ಕಲ್ಲಿನ ತಗ್ಗುಗಳಲ್ಲಿ ಬೆರಳಿನಷ್ಟು ದಪ್ಪದ ಮಣ್ಣು, ಅದರ ಮೇಲೆ ತೆಳ್ಳಗೆ ನೀರು. ಆಗಸ್ಟ್ ಹೊತ್ತಿಗೆ ಅಲ್ಲಿ ಮೊಣಕಾಲೂರಿ ಕುಳಿತು ನೋಡಿ. ನೀಲಿ ಬಣ್ಣದ, ಕಿರುಬೆರಳಿನ ಉಗುರಿಗಿಂತ ಚಿಕ್ಕ ಹೂವು ಕಾಣುತ್ತದೆ. ಹೆಸರು ಯುಟ್ರಿಕ್ಯುಲೇರಿಯಾ. ಇದಕ್ಕೆ ಬೇರು ಅನ್ನುವುದೇ ಇಲ್ಲ. ಕೆಸರಿನೊಳಗೆ ಸಾಸಿವೆಗಿಂತ ಚಿಕ್ಕ ಚೀಲಗಳಿವೆ. ಚೀಲದ ಬಾಯಿಗೊಂದು ಬಾಗಿಲು, ಬಾಗಿಲ ಹೊರಗೆ ಕೂದಲು. ನೀರಿನ ಸಣ್ಣ ಜೀವಿ ಕೂದಲಿಗೆ ತಾಗಿದರೆ ಬಾಗಿಲು ತೆರೆದು, ನೀರಿನ ಜೊತೆ ಅದೂ ಒಳಗೆ. ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಬೇಕಾಗುವುದಿಲ್ಲ. ಪಕ್ಕದಲ್ಲೇ ಡ್ರೊಸೆರಾ, ಎಲೆಯ ಕೂದಲ ತುದಿಯಲ್ಲಿ ಅಂಟು ಹನಿ ಹಿಡಿದುಕೊಂಡು ಕೀಟಕ್ಕೆ ಕಾಯುತ್ತಿರುತ್ತದೆ. ಬಿಳಿ ಗುಂಡಿಯಂಥ ತಲೆಯ ಎರಿಯೋಕಾಲಾನ್ ಗುಂಪು ಗುಂಪಾಗಿ ನಿಂತಿರುತ್ತದೆ.

ಯುಟ್ರಿಕ್ಯುಲೇರಿಯಾ, ಡ್ರೊಸೆರಾ ಹುಳ ತಿನ್ನುವುದು ಯಾಕೆ? ಆ ಮಣ್ಣಿನಲ್ಲಿ ಸಾರಜನಕ ತೀರಾ ಕಡಿಮೆ. ಬೇರೆ ಗಿಡ ಬದುಕಲಾರದ ಬಡ ಮಣ್ಣಿನಲ್ಲಿ ಇವು ಬದುಕುವ ದಾರಿ ಕಂಡುಕೊಂಡಿವೆ. ನೀವು ಅಲ್ಲಿ ಗುಂಡಿ ತೋಡಿ ಕೆಂಪು ಮಣ್ಣು, ಸಗಣಿ ಗೊಬ್ಬರ ತುಂಬುತ್ತೀರಿ. ಮಳೆಗೆ ಗೊಬ್ಬರ ತೊಳೆದು ಸುತ್ತಲಿನ ತಗ್ಗಿಗೆಲ್ಲ ಹರಡುತ್ತದೆ. ಹಿಂದೆಯೇ ಹುಲ್ಲು, ಯುಪಟೋರಿಯಂ ಕಳೆ ಬಂದು ಕೂರುತ್ತವೆ. ಮಾರ್ಚ್ ಬಿಸಿಲಿಗೆ ಕಲ್ಲು ಕಾದು ನಿಮ್ಮ ಸಸಿ ಒಣಗುತ್ತದೆ. ಅದಕ್ಕೂ ಮೊದಲೇ ಅಲ್ಲಿದ್ದದ್ದು ಹೋಗಿರುತ್ತದೆ. ಅಕೇಶಿಯಾ ಹಾಕಿದರೆ ಅದು ಬದುಕುತ್ತದೆ ನಿಜ. ಆಗ ಎಲೆ ಉದುರಿ ಉದುರಿ ಇಡೀ ಅರೆಯೇ ಮುಚ್ಚಿಹೋಗುತ್ತದೆ. ಸಸಿ ಸತ್ತರೂ ನಷ್ಟ, ಬದುಕಿದರೆ ಇನ್ನೂ ಜಾಸ್ತಿ ನಷ್ಟ. ಇದನ್ನು ಎಷ್ಟು ಸಲ ಹೇಳಿದರೂ "ಹಾಗಾದ್ರೆ ಮಾವು ಹಾಕೋಣವಾ ಸರ್?" ಎಂದು ಕೇಳುತ್ತಾರೆ.

ಗುಂಡಿ ತೋಡುವ ಕಾಲವಾದರೂ ಎಂಥದ್ದು! ಜೂನ್ 5ಕ್ಕೆ ಸಿದ್ಧವಾಗಬೇಕೆಂದು ಮೇನಲ್ಲೇ ಜನ ಮೇಲೆ ಹತ್ತುತ್ತಾರೆ. ಹಳದಿ ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ ಮೊಟ್ಟೆ ಇಡುವುದು ಆ ಬೇಸಿಗೆಯಲ್ಲೇ. ಗೂಡು ಅಂತ ಏನೂ ಇಲ್ಲ. ಸಣ್ಣ ತಗ್ಗು, ಸುತ್ತ ನಾಲ್ಕು ಹರಳು, ಮಧ್ಯೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣಕ್ಕೆ ಕಪ್ಪು ಚುಕ್ಕೆ. ಕಾಲಡಿಗೆ ಬಂದರೂ ಕಲ್ಲೋ ಮೊಟ್ಟೆಯೋ ಗೊತ್ತಾಗುವುದಿಲ್ಲ. ಬಿಸಿಲು ಏರಿದಾಗ ಹಕ್ಕಿ ಹೋಗಿ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ, ತಂಪಾಗಲಿ ಅಂತ. ಹಾರೆ ಹಿಡಿದವರು ಹತ್ತಿರ ಸುಳಿದಾಡುತ್ತಿದ್ದರೆ ಅದು ದೂರದಲ್ಲೇ ನಿಂತು ಕೂಗುತ್ತದೆ. ಒಂದು ತಾಸು ಸಾಕು, ಆ ಕಾವಿಗೆ ಮೊಟ್ಟೆ ಕೆಟ್ಟುಹೋಗಬಹುದು.

ಇಂಥ ಕಲ್ಲಿನಲ್ಲಿ ಇನ್ನೂ ಏನೇನಿದೆಯೋ. 2016ರಲ್ಲಿ ಮಣಿಪಾಲದ ಮುರಕಲ್ಲು ಬಯಲಿನಿಂದ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾದ ಹೊಸ ಕಪ್ಪೆಯನ್ನು ವಿಜ್ಞಾನಿಗಳು ಗುರುತಿಸಿದರು. ಕಲ್ಲಿನ ಹೆಸರನ್ನೇ ಇಟ್ಟರು, ಮೈಕ್ರೋಹೈಲಾ ಲ್ಯಾಟರೈಟ್. ಕಾಡಿನ ಮೂಲೆಯಲ್ಲಿ ಸಿಕ್ಕಿದ್ದಲ್ಲ, ಕಾಲೇಜುಗಳ ಊರಿನಲ್ಲಿ! ನಮ್ಮವರು ಹೂ ನೋಡಲು ಬಸ್ಸು ಮಾಡಿಕೊಂಡು ಮಹಾರಾಷ್ಟ್ರದ ಕಾಸ್‌ಗೆ ಹೋಗುತ್ತಾರೆ. ಹೋಗಲಿ, ಚೆಂದದ ಜಾಗ. ಅದೂ ಇಂಥದ್ದೇ ಕಲ್ಲಿನ ಬಯಲು. ತಮ್ಮೂರಿನ ಅರೆಯನ್ನೂ ಒಮ್ಮೆ ಬಗ್ಗಿ ನೋಡಲಿ ಅಂತ ನನ್ನ ಆಸೆ.

ಇನ್ನು ನೀರಿನ ವಿಷಯ. "ಗಿಡ ಬೇಡ ಅಂದ್ರೆ ಇಂಗುಗುಂಡಿಯಾದ್ರೂ ಮಾಡೋಣ" ಎನ್ನುವವರಿದ್ದಾರೆ. ಚಿರೆಕಲ್ಲಿನ ತುಂಬ ತೂತು. ಮಳೆನೀರು ತಾನೇ ಇಳಿದುಹೋಗುತ್ತದೆ. ಕೆಳಗೆ ಶೇಡಿಮಣ್ಣಿನ (ಮೆದು ಜೇಡಿಮಣ್ಣು) ಪದರ ಸಿಕ್ಕಿದಲ್ಲಿ ಇಳಿಯುವುದು ನಿಧಾನವಾಗಿ, ನೀರು ಪಕ್ಕಕ್ಕೆ ಹರಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಗೋಕರ್ಣದ ರಾಮತೀರ್ಥದಲ್ಲಿ ಕಡಲಿನ ಮಗ್ಗುಲಲ್ಲೇ ಸಿಹಿನೀರು ಸುರಿಯುವುದನ್ನು ನೋಡಿದ್ದೀರಲ್ಲ, ಗುಡ್ಡ ಕುಡಿದಿಟ್ಟ ಮಳೆ ಅದು. ಆ ಶೇಡಿಮಣ್ಣು ನೀರು ಕುಡಿದರೆ ಮೆತ್ತಗಾಗಿ ಜಾರುತ್ತದೆ. ಅಂಚಿನ ಹತ್ತಿರ ಜೆಸಿಬಿಯಲ್ಲಿ ಗುಂಡಿ ತೆಗೆದು ನೀರು ನಿಲ್ಲಿಸುವುದು ಅಪಾಯವಾಗಬಹುದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದು ಈ ಜಿಲ್ಲೆಯಲ್ಲಿ ಯಾರಿಗೂ ಮರೆತಿಲ್ಲ. ಅದಕ್ಕೂ ಇಂಗುಗುಂಡಿಗೂ ನಾನು ಗಂಟು ಹಾಕುತ್ತಿಲ್ಲ, ಅಲ್ಲಿನ ಕತೆಯೇ ಬೇರೆ. ಎಲ್ಲ ಗುಡ್ಡವೂ ಒಂದೇ ಅಲ್ಲ. ಅದಕ್ಕೇ, ಭೂವಿಜ್ಞಾನ ಬಲ್ಲವರು ಬಂದು ನೋಡದೆ ಕಡಲಂಚಿನ ಗುಡ್ಡದ ಮೇಲೆ ಯಾವ ಗುಂಡಿಯನ್ನೂ ತೆಗೆಯಬೇಡಿ.

ಇದನ್ನು ನನಗಿಂತ ಚೆನ್ನಾಗಿ ಹೇಳಿದ್ದು ಅಲ್ಲಿ ಕರಡದ ಹುಲ್ಲು ಕೊಯ್ಯಲು ಬರುತ್ತಿದ್ದ ಒಬ್ಬರು ಹಾಲಕ್ಕಿ ಅಜ್ಜಿ. ಒಂದು ರೆಸಾರ್ಟಿನವರು ಸಾಲಾಗಿ ಗುಂಡಿ ತೋಡಿಸಿದ್ದರು. ಅಜ್ಜಿ ಕತ್ತಿ ಪಕ್ಕಕ್ಕಿಟ್ಟು ಕೇಳಿದರು: "ತಮಾ, ಇದೆಂತಕೆ? ಮೇಲೆ ಹೊಂಡ ಮಾಡಿರೆ ಕೆಳಗೆ ಬಾವಿ ನೀರು ಕೆಂಪಾಗ್ತದೆ." ಆ ಮಳೆಗಾಲದಲ್ಲಿ ಅವರ ಕೇರಿಯ ಬಾವಿ ಕದಡಿದ್ದು ನಿಜ. ಕಾರಣ ಅದೇ ಎಂದು ಸಾಬೀತು ಮಾಡಲು ನನ್ನ ಹತ್ತಿರ ಪರೀಕ್ಷೆಯ ವರದಿ ಇಲ್ಲ. ಆದರೆ ಆ ಗುಡ್ಡದ ಹುಲ್ಲು, ನೀರು ಎರಡನ್ನೂ ಬಳಸಿ ಬದುಕಿದವರ ಮಾತನ್ನು ನಾನು ಹಗುರ ಮಾಡುವುದಿಲ್ಲ.

ನೆಡಲೇಬೇಕು ಅನ್ನುವವರಿಗೆ ಜಾಗಕ್ಕೇನು ಕೊರತೆ? ಗುಡ್ಡದ ಇಳಿಜಾರಿನಲ್ಲಿ ಮಣ್ಣಿರುವ ಕಡೆ ಕವಳಿ, ಕೇಪಳ, ಮುಳ್ಳುಹಣ್ಣು ತಾವಾಗಿ ಬರುತ್ತವೆ. ಬೆಂಕಿ ಬೀಳದಂತೆ ನೋಡಿಕೊಂಡರೆ ಅಷ್ಟೇ ಸಾಕು. ಮರಳಿನ ಹಿಂದೆ ಹೊನ್ನೆ (ಕ್ಯಾಲೊಫಿಲಮ್) ನೆಡಿ. ಬಾವಲಿ ತಿಂದು ಉದುರಿಸಿದ ಬೀಜ ಮರದಡಿ ರಾಶಿ ಬಿದ್ದಿರುತ್ತದೆ, ಮಕ್ಕಳಿಗೆ ಹೆಕ್ಕಲು ಖುಷಿ. ಒಬ್ಬರು ಮಾಸ್ತರರು ಹಾಗೇ ಮಾಡಿದರು, ಸಸಿಗಳು ಚೆನ್ನಾಗಿ ಬಂದಿವೆ. ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ನೆಡಬಹುದು, ಆದರೆ ಅಲ್ಲೂ ಬಳಚು (ಚಿಪ್ಪುಮೀನು) ಹೆಕ್ಕುವ ಬಯಲನ್ನು ಖಾಲಿ ಜಾಗ ಎಂದುಕೊಳ್ಳಬೇಡಿ. ಹೆಕ್ಕುವ ಹೆಂಗಸರನ್ನು ಕೇಳಿ, ಅವರು ಬೇಡ ಎಂದಲ್ಲಿ ಬಿಡಿ.

ಈ ವರ್ಷದ ಗುಂಡಿ ಈಗಾಗಲೇ ಅರೆಯ ಮೇಲೆ ತೋಡಿಯಾಗಿದ್ದರೆ, ಅಗೆದು ಹಾಕಿದ ಕಲ್ಲುಪುಡಿಯನ್ನೇ ವಾಪಸ್ ತುಂಬಿಸಿ. ಹೊರಗಿನ ಮಣ್ಣು, ಗೊಬ್ಬರ ಬೇಡ, ಸಿಮೆಂಟಂತೂ ಬೇಡವೇ ಬೇಡ. ಟಿಟ್ಟಿಭ ಕೂಗುತ್ತಿದ್ದರೆ ಆ ಬದಿಯನ್ನು ಜೂನ್ ಕಳೆಯುವವರೆಗೆ ಮುಟ್ಟಬೇಡಿ. ಹಳೆಯ ಸಸಿಗಳ ಪ್ಲಾಸ್ಟಿಕ್ ಚೀಲಗಳು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತವೆ, ಅವನ್ನು ಹೆಕ್ಕಿ ಕೆಳಗೆ ತನ್ನಿ.