ಹಳೇ ಎಂಜಿ ಮನೆಗೆ ಬಂತು, ಈಗ ಎಂತ ಮಾಡುವುದು?

ಹಳೇ ಸ್ಪೋರ್ಟ್ಸ್ ಕಾರು ತಗೊಂಡವರು ಗ್ಯಾರೇಜಿಗೆ ಬಂದು ಮೊದಲು ಕೇಳುವುದು ಪೇಂಟಿನ ಬಗ್ಗೆ. ಆಮೇಲೆ ಮ್ಯೂಸಿಕ್ ಸಿಸ್ಟಮ್ ಬಗ್ಗೆ. ಬ್ರೇಕಿನ ಬಗ್ಗೆ ಕೇಳುವವರು ಬಹಳ ಕಮ್ಮಿ. ಈ ಸಲ ಬಂದದ್ದು ಎಂಜಿಬಿ, ಇಂಗ್ಲೆಂಡಿನ ಎಂಜಿ ಕಂಪನಿಯ ಹಳೇ ಮಾಡೆಲ್. ಎರಡು ಸೀಟಿನ ಓಪನ್ ಗಾಡಿ, ಕ್ರೋಮ್ ಬಂಪರ್, ಕಡ್ಡಿ ಚಕ್ರ. ತಗೊಂಡವರು ಮಣಿಪಾಲದ ಡಾಕ್ಟರು. "ಒಂದು ಪೇಂಟ್ ಮಾಡಿಸಿಬಿಡುವ, ಮತ್ತೆ ಸೀದಾ ಆಗುಂಬೆ ಹತ್ತಿಸುವ" ಅಂದರು. "ಹತ್ತುವುದು ಇರಲಿ ಡಾಕ್ಟ್ರೇ, ಇಳಿಯುವಾಗ ಇದು ನಿಲ್ಲುತ್ತದಾ ಅಂತ ಮೊದಲು ನೋಡುವ" ಅಂದೆ.

ಗಾಡಿ ತಂದ ಹೊಸತರಲ್ಲಿ ಎಲ್ಲರಿಗೂ ಕೈ ತುರಿಸುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚುವ, ವಯರಿಂಗ್ ಬದಲಿಸುವ, ಸೀಟು ಹೊಲಿಸುವ, ಎಲ್ಲ ಒಂದೇ ವಾರದಲ್ಲಿ. ಅದು ಬೇಡ. ಎರಡು ಕೆಲಸ ಒಟ್ಟಿಗೆ ಮಾಡಿಸಿ ಗಾಡಿ ನಿಂತರೆ ಯಾವುದರಿಂದ ನಿಂತಿತು ಅಂತ ಹುಡುಕುವುದಕ್ಕೇ ಒಂದು ವಾರ ಬೇಕು. ಮೊದಲ ಕೆಲವು ತಿಂಗಳು ಜೀವಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಸರಿ ಮಾಡಿಸಿ. ಉಳಿದ ಸಮಯದಲ್ಲಿ ಗಾಡಿ ಚೆನ್ನಾಗಿರುವಾಗ ಹೇಗಿರುತ್ತದೆ ಅಂತ ತಿಳಿದುಕೊಳ್ಳಿ. ಅದು ಗೊತ್ತಿಲ್ಲದೆ ಕೆಟ್ಟದ್ದು ಯಾವುದು ಅಂತ ಗೊತ್ತಾಗುವುದು ಹೇಗೆ?

ಉದಾಹರಣೆಗೆ, ಕೀ ತಿರುಗಿಸಿದ ಕೂಡಲೇ ಹಿಂದಿನಿಂದ ಟಿಕ್ ಟಿಕ್ ಅಂತ ಶಬ್ದ ಬರುತ್ತದೆ. ಡಾಕ್ಟರು ಅದಕ್ಕೆ ಹೆದರಿದ್ದರು. ಅದು ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪೆಟ್ರೋಲ್ ಪಂಪು. ಕಾರ್ಬುರೇಟರಿನ ಬೌಲ್ ತುಂಬಿದ ಮೇಲೆ ಶಬ್ದ ನಿಲ್ಲಬೇಕು. ನಿಲ್ಲದೆ ಬಡಿಯುತ್ತಲೇ ಇದ್ದರೆ ಎಲ್ಲೋ ಪೆಟ್ರೋಲ್ ಸೋರುತ್ತಿದೆ, ಇಲ್ಲವೇ ಟ್ಯಾಂಕ್ ಖಾಲಿ. ಆಯಿಲ್ ಪ್ರೆಶರ್ ಮುಳ್ಳು ಓಡುವಾಗ 50ರಿಂದ 80ರ ಒಳಗೆ ಇರುತ್ತದೆ, ಬಿಸಿಯಾಗಿ ನಿಂತಾಗ 10ರಿಂದ 25ಕ್ಕೆ ಇಳಿಯುತ್ತದೆ. ಇಳಿದದ್ದು ನೋಡಿ ಗಾಬರಿ ಬೇಡ. ಆದರೆ ದಿನಾ 20 ತೋರಿಸುತ್ತಿದ್ದದ್ದು ಒಂದು ದಿನ 8ಕ್ಕೆ ಬಂದರೆ ಗಾಡಿ ಬದಿಗೆ ಹಾಕಿ. 1967ಕ್ಕಿಂತ ಹಿಂದಿನ ಮಾಡೆಲ್ ಆದರೆ ಮೊದಲ ಗೇರಿಗೆ ಸಿಂಕ್ರೊ (ಓಡುವಾಗಲೂ ಗೇರು ಸಲೀಸಾಗಿ ಬೀಳಿಸುವ ಭಾಗ) ಇಲ್ಲ, ಪೂರ್ತಿ ನಿಂತ ಮೇಲೆಯೇ ಹಾಕಬೇಕು. ನೆಲದ ಮೇಲೆ ಎರಡು ಹನಿ ಆಯಿಲ್ ಬಿದ್ದರೆ ಅದು ಈ ಇಂಜಿನ್ನಿನ ಗುಣ. ಕೆಳಗೆ ಒಂದು ರಟ್ಟು ಹಾಸಿ, ಕಲೆ ದೊಡ್ಡದಾಗುತ್ತಿದೆಯಾ ಅಂತ ನೋಡಿಕೊಂಡರೆ ಸಾಕು. ಇದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ ಬರೆದಿಡಿ. ಮೊಬೈಲ್‌ನಲ್ಲಿ ಬೇಡ, ಗಾಡಿಯಲ್ಲೇ ಇರಲಿ.

ಇಂಜಿನ್ ಬಗ್ಗೆ ನಮ್ಮ ಊರಿನವರಿಗೆ ಒಂದು ಅನುಕೂಲ ಉಂಟು. 1955ರಲ್ಲಿ ಬಂದ ಎಂಜಿಎ ಕಾರಿನಲ್ಲಿ ಇದ್ದದ್ದು ಎಂಜಿಯ ಆಗಿನ ಮಾತೃಸಂಸ್ಥೆ ಬಿಎಂಸಿಯ ಬಿ ಸೀರೀಸ್ ಇಂಜಿನ್, 1489 ಸಿಸಿ. ನಮ್ಮ ಅಂಬಾಸಿಡರ್ ದಶಕಗಳ ಕಾಲ ಓಡಿದ್ದೂ ಅದೇ 1489 ಸಿಸಿಯಲ್ಲಿ. 1962ರಿಂದ 1980ರವರೆಗೆ ತಯಾರಾದ ಎಂಜಿಬಿಗೆ ಅದನ್ನೇ 1798 ಸಿಸಿಗೆ ದೊಡ್ಡದು ಮಾಡಿದರು. ಹಾಗಾಗಿ ಮಂಗಳೂರಿನ ಹಂಪನಕಟ್ಟೆ, ಕಂಕನಾಡಿ ಕಡೆ ಅಂಬಾಸಿಡರ್ ಟ್ಯಾಕ್ಸಿಗಳನ್ನು ನೋಡಿಕೊಂಡಿದ್ದ ಹಿರಿಯ ಮೆಕ್ಯಾನಿಕ್ ಯಾರಾದರೂ ಸಿಕ್ಕರೆ ಬಿಡಬೇಡಿ. ಲ್ಯಾಪ್‌ಟಾಪ್ ಹಾಕಿ ಕೋಡ್ ಓದುವ ಹುಡುಗರಿಗಿಂತ ಇಲ್ಲಿ ಅವರ ಕಿವಿಗೆ ಬೆಲೆ ಜಾಸ್ತಿ. ಟ್ಯಾಪೆಟ್ ಸೆಟ್ ಮಾಡುವ, ಅಂದರೆ ವಾಲ್ವಿನ ಗ್ಯಾಪ್ ಹೊಂದಿಸುವ, ಒಂಬತ್ತರ ಲೆಕ್ಕ ಅವರಿಗೆ ಬಾಯಿಪಾಠ. ಒಂದನೇ ವಾಲ್ವ್ ಪೂರ್ತಿ ತೆರೆದಾಗ ಎಂಟನೆಯದು ನೋಡು, ಮೂರು ತೆರೆದಾಗ ಆರು, ಎರಡೂ ಕೂಡಿದರೆ ಒಂಬತ್ತು. ಇಂಜಿನ್ ತಣ್ಣಗಿರುವಾಗ 15 ಥೌ (ಇಂಚಿನ ಸಾವಿರ ಪಾಲಿನಲ್ಲಿ 15) ಗ್ಯಾಪ್. ಇನ್ನು ಇವತ್ತಿನ ಎಂಜಿ ಶೋರೂಮಿಗೆ ಹೋಗಿ ಇದರ ಪಾರ್ಟ್ ಕೇಳಬೇಡಿ, ಹೆಸರು ಮಾತ್ರ ಒಂದೇ. ಎಂಜಿಬಿ ಐದು ಲಕ್ಷಕ್ಕೂ ಜಾಸ್ತಿ ತಯಾರಾದ ಗಾಡಿ. ಇಂಗ್ಲೆಂಡಿನಲ್ಲಿ ಬಿಡಿಭಾಗ ಈಗಲೂ ಹೊಸತೇ ಸಿಗುತ್ತದೆ. ಕಸ್ಟಮ್ಸ್ ಸುಂಕ ಮಾತ್ರ ಬೆವರಿಳಿಸುತ್ತದೆ, ಹಾಗಾಗಿ ಪಟ್ಟಿ ಮಾಡಿ ಒಟ್ಟಿಗೆ ತರಿಸಿ.

ಇಂಚಿನ ಸ್ಪ್ಯಾನರ್ ಸೆಟ್ ಮಾತ್ರ ಮೊದಲ ದಿನವೇ ತಗೊಳ್ಳಿ. ಈ ಗಾಡಿಯ ನಟ್ಟು ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಹಿಡಿದ ಹಾಗೆ ಕಾಣುತ್ತದೆ. ಬಿಗಿ ಇದ್ದರೆ ಜಾರಿ ಮೂಲೆ ತಿನ್ನುತ್ತದೆ.

ಈಗ ಬ್ರೇಕು. ಇಂಗ್ಲೆಂಡಿನ ಮಾರುಕಟ್ಟೆಗೆ ಮಾಡಿದ ಹಳೇ ಎಂಜಿಬಿಗಳಲ್ಲಿ ಬ್ರೇಕಿಗೆ ಇರುವುದು ಒಂದೇ ಸರ್ಕ್ಯೂಟ್. ಬ್ರೇಕ್ ಆಯಿಲ್ ಹೋಗುವ ರಬ್ಬರ್ ಹೋಸ್ ಒಂದು ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಡಾಕ್ಟರ ಗಾಡಿಯ ಮುಂದಿನ ಬಲ ಚಕ್ರ ಪೆಡಲ್ ಬಿಟ್ಟ ಮೇಲೂ ಹಿಡಿದುಕೊಳ್ಳುತ್ತಿತ್ತು. ಚಕ್ರದ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಹೋಗಿದೆ ಅಂತ ಯಾರೋ ಹೇಳಿದ್ದರಂತೆ. ಹೋಸ್ ಬಿಚ್ಚಿ ಉದ್ದಕ್ಕೆ ಸೀಳಿ ತೋರಿಸಿದೆ. ಹೊರಗೆ ಚೆನ್ನಾಗಿತ್ತು, ಒಳಗಿನ ರಬ್ಬರ್ ಊದಿ ತೂತು ಮುಚ್ಚಿಹೋಗಿತ್ತು. ಕಾಲಿನ ಒತ್ತಡಕ್ಕೆ ಆಯಿಲ್ ಮುಂದೆ ಹೋಗುತ್ತದೆ, ವಾಪಸ್ ಬರುವಾಗ ತಳ್ಳುವವರಿಲ್ಲ. ಇಂಥ ಹೋಸುಗಳಿಗೆ ವಯಸ್ಸೇ ರೋಗ. ನೋಡಲು ಹೇಗೇ ಇರಲಿ, ಎಲ್ಲ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ತೇವಕ್ಕೆ ಬರಗಾಲ ಇಲ್ಲವಲ್ಲ, ಹಾಗಾಗಿ ನಾನು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಹಳೆಯ ಮಾಡೆಲ್‌ಗಳಲ್ಲಿ ಕಾಲಿನ ಒತ್ತಡಕ್ಕೆ ಬಲ ಕೊಡುವ ಬೂಸ್ಟರ್ ಇಲ್ಲ, ಪೆಡಲ್ ಗಟ್ಟಿ. ಅದು ದೋಷ ಅಲ್ಲ. ಕಾಲು ಅಭ್ಯಾಸ ಆಗುವವರೆಗೆ ನಂತೂರು ಸರ್ಕಲ್ಲಿನ ಟ್ರಾಫಿಕ್ ಕಡೆ ಹೋಗಬೇಡಿ ಅಷ್ಟೆ.

ಟೈರಿನ ಗಟ್ಟ (ಟ್ರೆಡ್) ನೋಡಿ ಮೋಸ ಹೋಗುವವರು ಜಾಸ್ತಿ. ಬದಿಯಲ್ಲಿರುವ ನಾಲ್ಕು ಅಂಕೆ ನೋಡಿ. 2312 ಅಂತ ಇದ್ದರೆ 2012ರ 23ನೇ ವಾರದ್ದು. ಗಟ್ಟ ಹೊಸತರ ಹಾಗೆ ಇದ್ದರೂ ರಬ್ಬರ್ ಗಡುಸಾಗಿರುತ್ತದೆ, ಮೊದಲ ಮಳೆಗೆ ಜಾರುತ್ತದೆ. ಕಡ್ಡಿ ಚಕ್ರ ಇದ್ದರೆ ಒಳಗೆ ಟ್ಯೂಬ್ ಬೇಕು. ಚಕ್ರ ಜಾಕಿನಲ್ಲಿ ಎತ್ತಿ, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ. ಕಟಕ್ ಅಂದರೆ ಚಕ್ರ ಕೂರುವ ಹಬ್ಬಿನ ಹಲ್ಲು ಸವೆದಿದೆ. ಹಾಗೇ ಮುಂದಿನ ಚಕ್ರಗಳು ತಿರುಗುವ ಕೀಲಾದ ಕಿಂಗ್‌ಪಿನ್ನುಗಳಿಗೆ ಗ್ರೀಸ್ ಹೊಡೆಯಿರಿ. ಒಂದೊಂದು ಬದಿಗೆ ಗ್ರೀಸ್ ತುಂಬುವ ಮೂರು ನಿಪ್ಪಲ್. ಚಕ್ರ ನೇತಾಡುವ ಹಾಗೆ ಎತ್ತಿ ಹೊಡೆದರೆ ಗ್ರೀಸ್ ಸುತ್ತಲೂ ಹೋಗುತ್ತದೆ. ಹಳೇ ಕಪ್ಪು ಗ್ರೀಸ್ ಹೊರಗೆ ಬರುವವರೆಗೆ ಬಿಡಬೇಡಿ. 5,000 ಕಿ.ಮೀ.ಗೆ ಒಮ್ಮೆ ಇದು ಆಗಬೇಕು.

ಪೆಟ್ರೋಲಿನದ್ದು ಹೊಸ ತಲೆಬಿಸಿ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ್ದು. ಎಥನಾಲ್ ಹಳೇ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಎಂಜಿಬಿಯಲ್ಲಿ ಕಾರ್ಬುರೇಟರ್ ಇರುವ ಬದಿಯಲ್ಲೇ, ಸರಿ ಕೆಳಗೆ, ಇಂಜಿನ್ನಿನ ಬಿಸಿ ಹೊಗೆ ಹೊರಗೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಅಲ್ಲಿ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ರಬ್ಬರ್ ಪೈಪು ಎಲ್ಲ ಎಥನಾಲ್ ತಡೆಯುವ ಆರ್9 ದರ್ಜೆಯದ್ದಕ್ಕೆ ಬದಲಿಸಿ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವಾಗ ಪೆಟ್ರೋಲ್ ವಾಸನೆ ಬಂದರೆ ಆ ದಿನ ಸ್ಟಾರ್ಟ್ ಮಾಡಬೇಡಿ. ಮೊದಲು ಟಾರ್ಚ್ ಹಿಡಿದು ಹುಡುಕಿ. ಇನ್ನೊಂದು, ನಮ್ಮಲ್ಲಿ ಸೀಸದ ಪೆಟ್ರೋಲ್ 2000ದಲ್ಲೇ ನಿಂತುಹೋಯಿತು. ವಾಲ್ವ್ ಕೂರುವ ಸೀಟು ಸವೆಯದ ಹಾಗೆ ಕಾಯುತ್ತಿದ್ದದ್ದು ಆ ಸೀಸ. ಇಂಜಿನ್ ಹೆಡ್ ಯಾವಾಗಲಾದರೂ ಬಿಚ್ಚಿದರೆ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟು ಹಾಕಿಸಿ. ಅದಕ್ಕೆಂದೇ ಈಗಲೇ ಬಿಚ್ಚುವುದು ಬೇಡ.

ಎಥನಾಲ್‌ನಿಂದ ಮಿಕ್ಸ್‌ಚರ್ ಸ್ವಲ್ಪ ತೆಳುವಾಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಮ್ಮಿ ಬೀಳುತ್ತದೆ. ಅದನ್ನು ಎಸ್‌ಯು ಕಾರ್ಬುರೇಟರಿನಲ್ಲಿ ಕಿವಿಯಿಂದಲೇ ಕಂಡುಹಿಡಿಯಬಹುದು, ಈ ಕೆಲಸ ನನಗೆ ಬಹಳ ಇಷ್ಟ. ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ಏರ್ ಫಿಲ್ಟರ್ ತೆಗೆಯಿರಿ. ಕಾರ್ಬುರೇಟರಿನ ಕೆಳಬದಿಯಲ್ಲಿ ಒಂದು ಸಣ್ಣ ಪಿನ್ ಉಂಟು. ಅದನ್ನು ಬೆರಳಿನಿಂದ ಮೇಲೆ ಒತ್ತಿದರೆ ಒಳಗಿನ ಪಿಸ್ಟನ್ ಏಳುತ್ತದೆ. ಒಂದು ಮಿ.ಮೀ.ಗಿಂತ ಕಮ್ಮಿ ಎತ್ತಿ, ಕೇಳಿ. ಇಂಜಿನ್ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಜಾಸ್ತಿ. ಕುಸಿದು ನಿಲ್ಲಲು ಬಂದರೆ ಕಮ್ಮಿ. ಒಂದು ಕ್ಷಣ ಸ್ವಲ್ಪ ಏರಿ ಮೊದಲಿನ ವೇಗಕ್ಕೇ ಇಳಿದರೆ ಸರಿ ಇದೆ. ಸರಿ ಇಲ್ಲದಿದ್ದರೆ ಕೆಳಗಿನ ಜೆಟ್ ನಟ್ಟನ್ನು ಒಂದು ಮುಖದಷ್ಟೇ ತಿರುಗಿಸಿ. ನಟ್ಟು ಕೆಳಗೆ ಇಳಿದರೆ ಪೆಟ್ರೋಲ್ ಹೆಚ್ಚುತ್ತದೆ. ಮತ್ತೆ ಪಿನ್ ಎತ್ತಿ, ಕೇಳಿ. 1971ರ ನಂತರದ ಮಾಡೆಲ್‌ನಲ್ಲಿ ನಟ್ಟಿನ ಬದಲು ಬದಿಯಲ್ಲಿ ಸ್ಕ್ರೂ ಇರುತ್ತದೆ, ಲೆಕ್ಕ ಅದೇ. ಈ ಗಾಡಿಯ ಎರಡು ಕಾರ್ಬುರೇಟರುಗಳ ಗಾಳಿ ಸಮ ಇದೆಯಾ ಅಂತ ನೋಡಲು ಒಂದು ತುಂಡು ರಬ್ಬರ್ ಪೈಪು ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಎರಡರಲ್ಲೂ ಸುಂಯ್ ಒಂದೇ ಹದದಲ್ಲಿ ಕೇಳಬೇಕು.

ಇಂಜಿನ್ ಆಯಿಲ್ 20ಡಬ್ಲ್ಯು-50 ಹಾಕಿ. ಹೊಸ ಗಾಡಿಗಳ ತೆಳ್ಳಗಿನ ಆಯಿಲ್ ದುಬಾರಿ ಅಂತ ಒಳ್ಳೆಯದು ಅಂದುಕೊಳ್ಳಬೇಡಿ. ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ಥರ್ಮೋಸ್ಟಾಟ್ ತೆಗೆದು ಬಿಸಾಡುವ ನಮ್ಮೂರಿನ ಚಟವೂ ಬೇಡ. ಅದಿಲ್ಲದಿದ್ದರೆ ಇಂಜಿನ್ ತನ್ನ ಬಿಸಿಗೆ ಬರುವುದೇ ಇಲ್ಲ, ಪೆಟ್ರೋಲ್ ಕುಡಿಯುತ್ತದೆ, ಆಯಿಲ್ ಕೆಡುತ್ತದೆ. ಬಿಸಿ ಜಾಸ್ತಿಯಾದರೆ ರೇಡಿಯೇಟರ್ ಬಿಚ್ಚಿ ಒಳಗಿನ ಕೆಸರು ತೆಗೆಸಿ. ಬಾವಿ ನೀರು ಹಾಕಬೇಡಿ, ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ಸಾಕು.

ವಯರಿಂಗಿನಲ್ಲಿ ಒಂದು ಅಪಾಯ. 1967ರವರೆಗಿನ ಎಂಜಿಬಿಗಳಲ್ಲಿ ಗಾಡಿಯ ಲೋಹದ ಮೈಗೆ ಅರ್ಥಿಂಗ್ ಆಗಿ ಕೊಟ್ಟಿರುವುದು ಬ್ಯಾಟರಿಯ ಪ್ಲಸ್, ಮೈನಸ್ ಅಲ್ಲ. ಕೆಲವನ್ನು ಆಮೇಲೆ ಬದಲಿಸಿರುತ್ತಾರೆ, ಕೆಲವನ್ನು ಇಲ್ಲ. ಬ್ಯಾಟರಿಯ ಯಾವ ತಂತಿ ಗಾಡಿಯ ಮೈಗೆ ಹೋಗಿದೆ ಅಂತ ನೋಡದೆ ಚಾರ್ಜರನ್ನಾಗಲೀ ಮ್ಯೂಸಿಕ್ ಸಿಸ್ಟಮನ್ನಾಗಲೀ ಕೊಡಬೇಡಿ. ಲೈಟ್ ಮಂಕಾಗಿದೆ, ಸ್ಟಾರ್ಟರ್ ನಿಧಾನ ಅಂದರೆ ಮೊದಲು ಅರ್ಥಿಂಗ್ ಬಿಂದುಗಳನ್ನು ಬಿಚ್ಚಿ ಉಪ್ಪುಕಾಗದ ಹಾಕಿ ಉಜ್ಜಿ. ಉಪ್ಪುಗಾಳಿಯ ಊರಿನಲ್ಲಿ ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತದೆ.

ಇನ್ನು ತುಕ್ಕು. ಓಪನ್ ಗಾಡಿಗೆ ಮೇಲೆ ಚಾವಣಿ ಇಲ್ಲ. ಗಾಡಿಯ ನಡು ಬಾಗದ ಹಾಗೆ ಹಿಡಿದಿರುವುದು ಬಾಗಿಲಿನ ಕೆಳಗಿನ ಸಿಲ್. ಅದು ಒಳಗಿನಿಂದ ತಿನ್ನಿಸಿಕೊಳ್ಳುತ್ತದೆ. ಹೊರಗೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ಗೊತ್ತೇ ಆಗುವುದಿಲ್ಲ. ಆಯಸ್ಕಾಂತ ಇಟ್ಟು ನೋಡಿ, ಪುಟ್ಟಿ ಇದ್ದಲ್ಲಿ ಹಿಡಿಯುವುದಿಲ್ಲ. ಜಾಕ್ ಹಾಕಿ ಎತ್ತಿದಾಗ ಬಾಗಿಲು ಬಿಗಿಯಾದರೆ ಸಿಲ್ ಹೋಗಿದೆ ಅಂತಲೇ ಲೆಕ್ಕ. ಡಾಕ್ಟರಿಗೆ ಪೇಂಟ್ ಬೇಡ ಅಂದದ್ದು ಇದಕ್ಕೇ. ಟಿಂಕರಿಂಗ್ ಮುಗಿಯದೆ ಪೇಂಟ್ ಮಾಡಿಸಿದರೆ ಅದನ್ನೇ ಮತ್ತೆ ಕೆರೆಯಬೇಕು. ಬಾಗಿಲು ಮತ್ತು ಸಿಲ್ಲಿನ ಅಡಿಯಲ್ಲಿ ನೀರು ಇಳಿಯುವ ತೂತುಗಳಿರುತ್ತವೆ. ತರಗೆಲೆ, ಕೆಂಪು ಮಣ್ಣು ತುಂಬಿ ಮುಚ್ಚಿರುತ್ತದೆ. ಮೇ ತಿಂಗಳಲ್ಲೇ ತಂತಿ ಹಾಕಿ ಬಿಡಿಸಿ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಮಲ್ಪೆಯಲ್ಲೋ ಮರವಂತೆಯಲ್ಲೋ ಸಮುದ್ರದ ಬದಿ ಓಡಿಸಿ ಬಂದ ದಿನ ಗಾಡಿಯ ಅಡಿಗೆ ಸಿಹಿನೀರು ಹೊಡೆದು ತೊಳೆಯಿರಿ.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಟಾರ್ಪಾಲು ಹೊದೆಸಬೇಡಿ, ಒಳಗೆ ಬೆವರುತ್ತದೆ, ಸೀಟಿಗೆ ಬೂಸ್ಟು ಬರುತ್ತದೆ. ಬಟ್ಟೆಯ ಕವರ್ ಸಾಕು. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವವರಿದ್ದಾರೆ. ಅದರಿಂದ ನಷ್ಟವೇ ಜಾಸ್ತಿ, ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ನೀರು ಕಟ್ಟುತ್ತದೆ. ಮಳೆ ಬಿಟ್ಟ ದಿನ ಅರ್ಧ ಗಂಟೆ ಓಡಿಸಿ, ಇಲ್ಲದಿದ್ದರೆ ಮುಟ್ಟಬೇಡಿ. ಇಲಿಗೆ ಬೋನು ಇಡಿ.

ಕಾಗದಪತ್ರ. ಆರ್‌ಸಿಯಲ್ಲಿರುವ ಇಂಜಿನ್ ನಂಬರ್ ಇಂಜಿನ್ ಮೇಲೆ ಇದೆಯಾ ನೋಡಿ. ಎಂಜಿಬಿಯಲ್ಲಿ ಅದು ಬ್ಲಾಕಿಗೆ ರಿವೆಟ್ ಮಾಡಿದ ಸಣ್ಣ ತಗಡು, ಸಿಲಿಂಡರ್ ಕೊರೆದು ರೀಬೋರ್ ಮಾಡುವಾಗ ಕಳೆದುಹೋಗಿರುವುದು ಮಾಮೂಲು. ದುಡ್ಡು ಕೊಡುವ ಮೊದಲೇ ನೋಡಬೇಕಾದ್ದು ಇದು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ನಂಬರಿನಲ್ಲಿ ವಿಎ ಅಂತ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಆಮೇಲೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ಸುಮ್ನೆ ಕಾಪುವಿಗೆ ಹೋಗಿ ಬರುವ ಆಸೆ ಇದ್ದರೆ ಮಾಮೂಲು ಆರ್‌ಸಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸುತ್ತಾ ಇರಿ.

ಮೊದಲ ಉದ್ದದ ಓಟಕ್ಕೆ ಘಾಟಿ ಬೇಡ. ಬೆಳಿಗ್ಗೆ ಬೇಗ ಹೊರಟು ಮೂಲ್ಕಿವರೆಗೆ ಹೋಗಿ ಬನ್ನಿ. ಬೂಟಿನಲ್ಲಿ ಫ್ಯಾನ್ ಬೆಲ್ಟ್, ಇಂಜಿನ್ನಿನ ಕಿಡಿಗೆ ಬೇಕಾದ ಒಂದು ಸೆಟ್ ಪಾಯಿಂಟ್, ಒಂದು ಮೀಟರ್ ಪೆಟ್ರೋಲ್ ಪೈಪು, ಕ್ಲಿಪ್ಪು, ಇಂಚಿನ ಸ್ಪ್ಯಾನರು, ಕೈಗೆ ಸಿಗುವ ಜಾಗದಲ್ಲಿ ಬೆಂಕಿ ಆರಿಸುವ ಸಿಲಿಂಡರು ಇರಲಿ. ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಮಾತ್ರ ಎರಡು ಇಟ್ಟುಕೊಳ್ಳಿ. ಈಗ ಬರುವ ಹೊಸ ಕಂಡೆನ್ಸರುಗಳ ಮೇಲೆ ನನಗೆ ನಂಬಿಕೆ ಕಮ್ಮಿ, ಹಳೆಯದು ಕೆಲಸ ಮಾಡುತ್ತಿದ್ದರೆ ಅದನ್ನು ತೆಗೆಯಲೇಬೇಡಿ.