ಕೊರ್ಡೊಬಾದ ಪರಾಗ ಎಣಿಕೆ: 0.54 ಎಲ್ಲಿಂದ ಬಂತು?

ದಕ್ಷಿಣ ಸ್ಪೇನಿನ ಕೊರ್ಡೊಬಾ ಪ್ರಾಂತ್ಯದಲ್ಲಿ ಎತ್ತ ನೋಡಿದರೂ ಆಲಿವ್ ತೋಟ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಈ ಮರಗಳು ಹೂ ಬಿಡುತ್ತವೆ. ಮೇ ತಿಂಗಳಲ್ಲಿ ಊರವರ ಸೀನು, ಕಣ್ಣುರಿ, ಉಬ್ಬಸ ಎಲ್ಲ ಜೋರಾಗುತ್ತವೆ. ಆಗ ಪರಾಗ ವರದಿಯಲ್ಲಿ "ಆಲಿವ್: ಘನ ಮೀಟರಿಗೆ 216 ಕಣ, ಮಟ್ಟ ಹೆಚ್ಚು" ಎಂಬಂಥ ಸಾಲು ಕಾಣುತ್ತದೆ. ಆ 216 ಯಾರೂ ಎಣಿಸಿದ ಸಂಖ್ಯೆಯಲ್ಲ, ಎಣಿಸಿದ್ದನ್ನು 0.54 ಎಂಬ ಗುಣಕದಿಂದ ಗುಣಿಸಿ ತೆಗೆದದ್ದು. ಟಿಪ್ಪಣಿಯ ಬಹುಪಾಲು ಈ ಲೆಕ್ಕಕ್ಕೇ ಮೀಸಲು.

ಹಿಡಿಯುವ ಉಪಕರಣ

ಗಾಳಿಯಲ್ಲಿನ ಕಣ ಹಿಡಿಯಲು ಬ್ರಿಟನ್ನಿನ ವಿಜ್ಞಾನಿ ಹರ್ಸ್ಟ್ 1952ರಲ್ಲಿ ರೂಪಿಸಿದ ಉಪಕರಣದ ಮಾದರಿಯೇ ಇಂದಿಗೂ ಬಳಕೆಯಲ್ಲಿದೆ. ಇದನ್ನು ಎತ್ತರದ ಕಟ್ಟಡದ ತಾರಸಿಯ ಮೇಲೆ, ಗಾಳಿಗೆ ಅಡ್ಡವಿಲ್ಲದ ಜಾಗದಲ್ಲಿ ಇಡುತ್ತಾರೆ. ಪಂಪು ನಿಮಿಷಕ್ಕೆ 10 ಲೀಟರ್ ಗಾಳಿಯನ್ನು 14 ಮಿ.ಮೀ. ಉದ್ದ, 2 ಮಿ.ಮೀ. ಅಗಲದ ಸೀಳಿನ ಮೂಲಕ ಎಳೆಯುತ್ತದೆ. ಒಳಗೆ ಅಂಟು ಸವರಿದ ಪ್ಲಾಸ್ಟಿಕ್ ಪಟ್ಟಿ ಸುತ್ತಿದ ಡ್ರಮ್ಮು ಗಂಟೆಗೆ 2 ಮಿ.ಮೀ.ನಂತೆ ತಿರುಗುತ್ತದೆ. ಅಲ್ಲಿಗೆ ದಿನಕ್ಕೆ 48 ಮಿ.ಮೀ. ವಾರದ ಕೊನೆಗೆ ಪಟ್ಟಿಯನ್ನು ಏಳು ತುಂಡು ಮಾಡಿ, ಗಾಜಿನ ಸ್ಲೈಡಿನ ಮೇಲಿಟ್ಟು, ಫುಕ್ಸಿನ್ ಬಣ್ಣ ಬೆರೆಸಿದ ಗ್ಲಿಸರಿನ್ ಜೆಲ್ಲಿ ಹಾಕಿ ಮುಚ್ಚುತ್ತಾರೆ. ಪರಾಗ ಗುಲಾಬಿ ಬಣ್ಣ ಹೀರಿಕೊಳ್ಳುತ್ತದೆ, ಧೂಳು ಹೀರುವುದಿಲ್ಲ.

ಕತ್ತರಿಸುವಾಗ ಪಟ್ಟಿಯ ಆರಂಭದ ತುದಿಗೆ ಗುರುತು ಹಾಕಲೇಬೇಕು. ತುಂಡು ತಿರುಗುಮುರುಗಾದರೆ ಮಧ್ಯಾಹ್ನದ ಏರಿಕೆ ಬೆಳಗಿನದ್ದಾಗಿ ಕಾಣುತ್ತದೆ. ದಿನದ ಮೊತ್ತ ಸರಿಯಾಗಿಯೇ ಬರುವುದರಿಂದ ಈ ತಪ್ಪು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಮುಗ್ಗರಿಸುವ ಹೆಜ್ಜೆ

ಸ್ಪೇನಿನ ಪರಾಗ ಎಣಿಕೆ ಕೇಂದ್ರಗಳ ಜಾಲದ ಪದ್ಧತಿಯಲ್ಲಿ ಸ್ಲೈಡಿನ ಅಷ್ಟೂ ಜಾಗವನ್ನು ಎಣಿಸುವುದಿಲ್ಲ. 400 ಪಟ್ಟು ಹಿಗ್ಗಿಸಿ, ಹೊಲದಲ್ಲಿ ನಾಲ್ಕು ಸಾಲು ಹೊಡೆದಂತೆ, ಉದ್ದಕ್ಕೆ ನಾಲ್ಕು ಸಾಲು ಮಾತ್ರ ಓದುತ್ತಾರೆ. ಎಣಿಸಿದ್ದನ್ನು 0.54ರಿಂದ ಗುಣಿಸಿದರೆ ಘನ ಮೀಟರಿಗೆ ಎಷ್ಟು ಕಣ ಎಂಬ ದಿನದ ಸರಾಸರಿ ಸಿಗುತ್ತದೆ. ಸ್ವಲ್ಪ ಜಾಗ ಮಾತ್ರ ಓದಿದ ಮೇಲೆ ಸಂಖ್ಯೆ ಏರಬೇಕಲ್ಲವೇ, ಒಂದಕ್ಕಿಂತ ಕಡಿಮೆಯದರಿಂದ ಗುಣಿಸಿ ಇಳಿಸುವುದೇಕೆ? ಗೊಂದಲ ಹುಟ್ಟುವುದು ಇಲ್ಲೇ. ಉತ್ತರ: 0.54ರೊಳಗೆ ಒಂದು ಗುಣಾಕಾರ, ಒಂದು ಭಾಗಾಕಾರ ಎರಡೂ ಅಡಗಿವೆ.

ಮೊದಲನೆಯದು ಜಾಗದ ಲೆಕ್ಕ. ದಿನದ ತುಂಡಿನ ಒಟ್ಟು ವಿಸ್ತೀರ್ಣ 14 × 48 = 672 ಚದರ ಮಿ.ಮೀ. ಸೂಕ್ಷ್ಮದರ್ಶಕದಲ್ಲಿ ಕಾಣುವ ವೃತ್ತದ ವ್ಯಾಸ 0.45 ಮಿ.ಮೀ. ಇದ್ದರೆ ನಾಲ್ಕು ಸಾಲಿನ ವಿಸ್ತೀರ್ಣ 48 × 0.45 × 4 = 86.4. ಅಂದರೆ ನೋಡಿದ್ದಕ್ಕಿಂತ ಒಟ್ಟು ಜಾಗ 7.78 ಪಟ್ಟು. ಸಂಖ್ಯೆ ಇಲ್ಲಿ ಏರುತ್ತದೆ.

ಎರಡನೆಯದು ಗಾಳಿಯ ಲೆಕ್ಕ. ನಿಮಿಷಕ್ಕೆ 10 ಲೀಟರ್ ಎಂದರೆ ದಿನಕ್ಕೆ 14,400 ಲೀಟರ್, ಅಂದರೆ 14.4 ಘನ ಮೀಟರ್. ನಮಗೆ ಬೇಕಿರುವುದು ಒಂದೇ ಘನ ಮೀಟರಿನ ಲೆಕ್ಕ. 7.78 ÷ 14.4 = 0.54. ಸಂಖ್ಯೆ ಇಲ್ಲಿ ಇಳಿಯುತ್ತದೆ.

ಆದ್ದರಿಂದ 0.54 ಎಲ್ಲ ಕಡೆಗೂ ಹೊಂದುವ ಸ್ಥಿರಾಂಕವಲ್ಲ. ನಾಲ್ಕು ಸಾಲಿನಲ್ಲಿ 400 ಆಲಿವ್ ಕಣ ಸಿಕ್ಕಿವೆ ಎನ್ನೋಣ. 400 × 0.54 = 216. ಬೇರೆ ಸೂಕ್ಷ್ಮದರ್ಶಕದಲ್ಲಿ ವೃತ್ತದ ವ್ಯಾಸ 0.50 ಇದ್ದರೆ ಗುಣಕ 0.486ಕ್ಕೆ ಇಳಿಯುತ್ತದೆ, ಅದೇ 400ಕ್ಕೆ ಉತ್ತರ 194. ಆಲಿವ್‌ಗೆ "ಹೆಚ್ಚು" ಎನ್ನುವ ಗೆರೆ ಇರುವುದು 200ರಲ್ಲಿ! ವ್ಯಾಸವನ್ನು ಅಳತೆ ಪಟ್ಟಿ ಕೊರೆದ ಸ್ಲೈಡಿನಲ್ಲಿ ಅಳೆದು, ಗುಣಕವನ್ನು ಹೊಸದಾಗಿ ಕಟ್ಟಿಕೊಳ್ಳಿ. ಪಂಪು ಸೊರಗಿ ನಿಮಿಷಕ್ಕೆ 8 ಲೀಟರಷ್ಟೇ ಎಳೆಯುತ್ತಿದ್ದರೂ ಹೀಗೇ. ನಿಜವಾದ ಗುಣಕ 0.675 ಆಗಿರುವಾಗ 0.54 ಹಾಕಿದರೆ ಪರಾಗ ಐದರಲ್ಲಿ ಒಂದು ಪಾಲು ಕಡಿಮೆ ತೋರುತ್ತದೆ. ಡ್ರಮ್ಮು ಬದಲಿಸುವಾಗಲೆಲ್ಲ ಗಾಳಿಯ ಹರಿವನ್ನು ಅಳೆಯಬೇಕಾದದ್ದು ಇದಕ್ಕೇ.

ಗಂಟೆವಾರು ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಂಟೆಗೆ ಪಟ್ಟಿ 2 ಮಿ.ಮೀ., ಗಾಳಿ 0.6 ಘನ ಮೀಟರ್. ಜಾಗದ ಪಟ್ಟು ಅದೇ 7.78. ಗುಣಕ ಮಾತ್ರ 7.78 ÷ 0.6, ಸುಮಾರು 13. ಇದನ್ನು 24ರಿಂದ ಭಾಗಿಸಿದರೆ ಮತ್ತೆ 0.54 ಬರುತ್ತದೆ. ಲೆಕ್ಕ ತಾಳೆ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಒಂದು ಗಂಟೆಯಲ್ಲಿ ಒಂದೇ ಒಂದು ಕಣ ಕಂಡರೂ 13 ಎಂದು ಬರೆಯಬೇಕಾಗುತ್ತದೆ, ಎರಡು ಕಂಡರೆ 26. ಹಾಗಾಗಿ ಕಡಿಮೆ ಪರಾಗದ ದಿನಗಳಲ್ಲಿ ಗಂಟೆವಾರು ನಕ್ಷೆಯ ಏರಿಳಿತವನ್ನು ನಂಬಿ ಕಾರಣ ಹುಡುಕಬೇಡಿ.

ಕಣದ ಗುರುತು

ಆಲಿವ್ ಕಣ ಸುಮಾರು 20 ಮೈಕ್ರೋಮೀಟರ್, ಮೂರು ಸೀಳು, ಮೈಮೇಲೆ ಬಲೆಯಂಥ ವಿನ್ಯಾಸ. ಸಾಸಿವೆ ಕುಟುಂಬದ ಕಣಕ್ಕೂ ಮೂರು ಸೀಳು ಮತ್ತು ಬಲೆ ಇರುವುದರಿಂದ ಮೋಸ ಹೋಗುವುದುಂಟು. ಆಲಿವ್‌ನ ಸೀಳುಗಳಲ್ಲಿ ರಂಧ್ರದ ಗುರುತೂ ಇರುತ್ತದೆ, ಸಾಸಿವೆಯದರಲ್ಲಿ ಇರುವುದಿಲ್ಲ. ಹುಲ್ಲಿನ ಕಣಕ್ಕೆ ಉಂಗುರ ಸುತ್ತಿದ ಒಂದೇ ರಂಧ್ರ. ನಮ್ಮ ಮಲ್ಲಿಗೆ, ಪಾರಿಜಾತಗಳೂ ಆಲಿವ್‌ನ ಕುಟುಂಬಕ್ಕೇ ಸೇರಿದವು. ಅವು ಪರಾಗಸ್ಪರ್ಶಕ್ಕೆ ಕೀಟಗಳನ್ನು ನೆಚ್ಚಿಕೊಂಡಿವೆ, ಗಾಳಿಗೆ ಪರಾಗವನ್ನು ರಾಶಿ ರಾಶಿ ತೂರುವ ಚಾಳಿ ಆಲಿವ್‌ನದು.

ವರದಿ ಓದುವಾಗ

ಮಟ್ಟದ ಗೆರೆ ಗಿಡಕ್ಕೊಂದು. ಸ್ಪೇನಿನ ಜಾಲದ ಪಟ್ಟಿಯಲ್ಲಿ ಆಲಿವ್‌ಗೆ 50ರವರೆಗೆ ಕಡಿಮೆ, 200ರವರೆಗೆ ಮಧ್ಯಮ. ಹುಲ್ಲಿಗೆ 25, 50. ಆದ್ದರಿಂದ 60 ಎಂಬ ಸಂಖ್ಯೆ ಆಲಿವ್‌ಗೆ ಮಧ್ಯಮ, ಹುಲ್ಲಿಗೆ ಹೆಚ್ಚು. "ಒಟ್ಟು ಪರಾಗ" ನೋಡಿ ಔಷಧಿಯ ಬಗ್ಗೆ ತೀರ್ಮಾನಿಸುವುದು ತಪ್ಪು, ತನಗೆ ಯಾವ ಗಿಡ ಒಗ್ಗುವುದಿಲ್ಲವೋ ಅದರ ಸಾಲನ್ನೇ ನೋಡಬೇಕು. ವಾರದ ಡ್ರಮ್ಮಿನಿಂದ ಬಂದ ಸಂಖ್ಯೆ ಕಳೆದ ವಾರದ್ದು ಎಂಬುದೂ ನೆನಪಿರಲಿ. ನಾಳೆಯದು ಹವಾಮಾನ ಸೇರಿಸಿ ಮಾಡಿದ ಅಂದಾಜು.

ಊರಿನ ಮರಗಳ ಹೂವು ಉದುರಿದ ಮೇಲೂ ಆಲಿವ್ ಎಣಿಕೆ ಮತ್ತೆ ಏರಿದರೆ ತಕ್ಷಣ ಸ್ಲೈಡನ್ನು ಅನುಮಾನಿಸಬೇಡಿ. ಎತ್ತರದ ಜಾಗದ ತೋಟಗಳು ತಡವಾಗಿ ಹೂ ಬಿಡುತ್ತವೆ. ಆ ದಿನ ಗಾಳಿ ಯಾವ ದಿಕ್ಕಿನಿಂದ ಬೀಸಿತ್ತು ಎಂಬುದನ್ನು ಮೊದಲು ನೋಡಿ.